ನೆಲಕ್ಕೆ ಹಾಕಿದ ಗೋಡೆ

ಗೋರ್ವಾ, ಬರೋಡಾ
20-11-1966, ಭಾನುವಾರ

ಪ್ರೀತಿಯ ತಾರಾ,

ಹೇಗಿದ್ದೀಯೆ? ನಿಮ್ಮನೆಯವರ ನೆಗಡಿ ಇಳಿಯಿತೆ? ಅಹಮದಾಬಾದಿನ ಗಿರಣಿಗಳ ಹೊಗೆಗೆ ಮೂಗು ಕಟ್ಟುವುದು ಹೊಸದೇನಲ್ಲ, ಮೆಣಸು ಜೀರಿಗೆ ಕುದಿಸಿ ಕೊಡು. ಸಂಶೋಧನಾಲಯದವರು ಕಷಾಯ ಕುಡಿಯಬಾರದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಅಚ್ಯುತರಾಯರಿಗೆ ನಾನು ಹೇಳಿದೆನೆಂದೇ ಹೇಳು. ಮೀರಾ ಈಗಲೂ ಗುಜರಾತಿಯಲ್ಲಿ ಜಗಳವಾಡಿ, ಸೋತಾಗ ಮಾತ್ರ ಕನ್ನಡದಲ್ಲಿ ಅಳುತ್ತಾಳೆಯೆ? ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಹೊರಟಿದ್ದೆ. ಪಕ್ಕದಲ್ಲಿ ಕೂತು ಸೂರತ್ತಿನ ಪಾಪಡಿ ಸುಲಿಯುತ್ತಿರುವ ಅಮ್ಮ (ಅವಳು ಅದನ್ನು ಅವರೆಕಾಯಿ ಎಂದೇ ಕರೆಯುವುದು, ಸೊಗಡಿಲ್ಲ ಎಂದು ದಿನವೂ ಬೈಯುವುದು) "ಸುಳ್ಳು ಬರೀಬೇಡ ಕಣೇ" ಎಂದಳು. ಆದ್ದರಿಂದ, ನನ್ನ ಬಲಗಾಲೊಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ. ಪೆನ್ಸಿಲಿನ ಅಕ್ಷರ ನೋಡಿ ಗಾಬರಿಯಾಗಬೇಡ. ಮಲಗಿಕೊಂಡು ಬರೆದರೆ ಪೆನ್ನಿನಲ್ಲಿ ಶಾಯಿ ಇಳಿಯುವುದಿಲ್ಲ. ನಿಮ್ಮ ಭಾವ ನಿನಗೆ ಹಾಕಿದ ಕಾರ್ಡಿನಲ್ಲಿ "ಸುಲೋಚನಾ ಬಿದ್ದಳು, ಕಾಲಿಗೆ ಪ್ಲಾಸ್ಟರ್" ಎಂದು ಒಂದೇ ಸಾಲು ಬರೆದರಂತೆ. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತವರು ಇನ್ನು ಹೇಗೆ ಬರೆದಾರು? ಎಲ್ಲಿ ಬಿದ್ದೆ, ಯಾಕೆ ಬಿದ್ದೆ ಎಂಬುದನ್ನು ಬಿದ್ದವಳೇ ಹೇಳಬೇಕು.

ಅದಕ್ಕೆ ಮೊದಲು ನಿನಗೊಂದು ಕಥೆ ನೆನಪಿಸುತ್ತೇನೆ. ಅದನ್ನು ನಮಗೆ ಮೊದಲು ಹೇಳಿದವಳು ಅಮ್ಮ, ನಿನಗೆ ದಡಾರ ಎದ್ದಿದ್ದ ವರ್ಷ. ನಿನಗಾಗ ಆರು, ನನಗೆ ಹನ್ನೊಂದು. ನೀನು ಅಮ್ಮನ ಮಗ್ಗುಲಲ್ಲಿ, ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ನಾನು ನಿನ್ನ ಕಾಲ ಬಳಿ. ಒಂದೂರಲ್ಲಿ ಇಬ್ಬರು ಓರಗಿತ್ತಿಯರಂತೆ, ಎದುರುಬದುರು ಮನೆಯಂತೆ. ಹಿರಿಯವಳು ಎದುರು ಮನೆಯವಳ ಹೊಟ್ಟೆ ಉರಿಯಲೆಂದು ನೆಲವನ್ನು ಸಾರಿಸಿ, ತಿಕ್ಕಿ, ಎಣ್ಣೆ ಒರೆಸಿ, ಮುಖ ಕಾಣುವ ಹಾಗೆ ಹೊಳೆಯಿಸಿದಳಂತೆ. ಕಿರಿಯವಳ ಮನೆಯಲ್ಲಿ ಮುದಿ ಅತ್ತೆ. ಆ ಅತ್ತೆಯ ಕಾಲು ಜಾರದಿರಲೆಂದು ಅವಳು ಹೊಸ್ತಿಲಲ್ಲಿ ಒಂದು ಹಿಡಿ ತೌಡು ಚೆಲ್ಲಿದಳಂತೆ. ಸಂಜೆ ಲಕ್ಷ್ಮಿ ಬಂದವಳು ಮೊದಲು ಹೊಳೆಯುವ ಮನೆಗೇ ಕಾಲಿಟ್ಟಳು. ಇಟ್ಟವಳು ಜಾರಿದಳು. ಪಡಸಾಲೆಯಲ್ಲಿ ಜಾರಿ, ನಡುಮನೆಯಲ್ಲಿ ಜಾರಿ, ಹಿತ್ತಿಲ ಬಾಗಿಲಲ್ಲಿ ಹೊರಗೆ ಹೋಗಿ, ಸೊಂಟ ಹಿಡಿದುಕೊಂಡು ಸುತ್ತಿ ಬಂದು, ತೌಡು ಚೆಲ್ಲಿದ ಹೊಸ್ತಿಲಲ್ಲಿ ಕಾಲು ನಿಂತಿತೆಂದು ಅಲ್ಲೇ ಉಳಿದಳಂತೆ. ಮಾರನೆಯ ದಿನ ನೀನು "ನಾನು ಎದ್ದು ಹೋಗಿ ನಮ್ಮ ಹೊಸ್ತಿಲಿಗೂ ತೌಡು ಹಾಕಿದ್ದೆ, ಈಗ ನೋಡಿದರೆ ಇಲ್ಲ" ಎಂದು ಅತ್ತು ರಂಪ ಮಾಡಿದೆ. ಜ್ವರದಲ್ಲಿ ಕನಸು ಕಂಡಿದೆ ಮಗು ಎಂದರು ಎಲ್ಲರೂ. ಇಂದಿಗೂ ನಮ್ಮ ಮನೆಯಲ್ಲಿ ಯಾರಾದರೂ ಇಲ್ಲದ್ದನ್ನು ಇದೆ ಎಂದರೆ "ತಾರಾಳ ತೌಡು" ಎಂದೇ ನಗುತ್ತೇವಲ್ಲ, ಆ ಕಥೆ.

ಈಗ ನನ್ನ ಕಥೆ. ಮೇ ತಿಂಗಳಲ್ಲಿ ಅಮ್ಮನನ್ನು ನಿಮ್ಮ ಮನೆಗೆ ಬಿಡಲು ಬಂದಿದ್ದೆನಲ್ಲ, ನೀನು ಹೊಸ ಬಚ್ಚಲುಮನೆ ತೋರಿಸಿದೆ. ಗೋಡೆಗೆ ಭುಜದೆತ್ತರಕ್ಕೆ ಬಿಳಿಯ ಪಿಂಗಾಣಿ ಟೈಲ್ಸು, ಮೇಲೆ ನೀಲಿ ಅಂಚು. ನಾನು "ಚೆನ್ನಾಗಿದೆ" ಎಂದೆ. ಎಷ್ಟು ಕಷ್ಟಪಟ್ಟು ಹೇಳಿದೆನೆಂದು ನಿನಗೆ ತಿಳಿಯದು. ಆ ಗೋಡೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ನನ್ನ ಮುಖದ ಹಿಂದೆ, ಬಾಗಿಲಲ್ಲಿ, ನೀನು ಅಮ್ಮನ ಹೆಗಲ ಮೇಲೆ ಕೈಹಾಕಿಕೊಂಡು ಏನೋ ಹೇಳಿ ಇಬ್ಬರೂ ನಗುತ್ತಿದ್ದದ್ದೂ ಕಾಣುತ್ತಿತ್ತು. ನನ್ನ ಕಣ್ಣು ಆ ಗೋಡೆಯನ್ನು ಬಿಟ್ಟು ಕೆಳಗಿಳಿಯಲೇ ಇಲ್ಲ. ಎರಡು ತಿಂಗಳಿಗೆಂದು ನಿಮ್ಮಲ್ಲಿಗೆ ಬಂದ ಅಮ್ಮ ಆಷಾಢವಾದರೂ ಹಿಂದಿರುಗಲಿಲ್ಲ, ಗೌರಿಹಬ್ಬವಾದರೂ ಹಿಂದಿರುಗಲಿಲ್ಲ. ಒಂದು ಕಾರ್ಡು ಬಂತು: "ಇಲ್ಲಿಯ ಬಚ್ಚಲು ನನಗೆ ಬಹಳ ಹಿಡಿಸಿದೆ, ಮೊಣಕಾಲು ನೋವಿನ ಭಯವಿಲ್ಲದೆ ಸ್ನಾನವಾಗುತ್ತದೆ." ಓದಿ ನನಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಈ ಮನೆಯಲ್ಲಿ ನಾನು ಬೆನ್ನು ತಿಕ್ಕಿ ಎರೆದ ನೀರು ಲೆಕ್ಕಕ್ಕಿಲ್ಲ, ನಿನ್ನ ಗೋಡೆಯ ಹೊಳಪು ಅಮ್ಮನನ್ನು ಕಟ್ಟಿಹಾಕಿತು ಎಂದುಕೊಂಡೆ. ಅಂದೇ ನಿಮ್ಮ ಭಾವನಿಗೆ ಹೇಳಿದೆ, ದೀಪಾವಳಿಯ ಒಳಗೆ ನಮ್ಮ ಬಚ್ಚಲಿಗೂ ಟೈಲ್ಸು ಆಗಬೇಕು, ತಾರಾಳ ಮನೆಯಲ್ಲಿ ಭುಜದವರೆಗೆ ಇದ್ದರೆ ನಮ್ಮಲ್ಲಿ ತಲೆಯವರೆಗೆ, ನೆಲಕ್ಕೂ ಅದೇ. ಅವರು ಪೇಪರಿನಿಂದ ತಲೆ ಎತ್ತದೆ "ಸೂರಿಗೂ ಹಾಕಿಸಿಬಿಡು" ಎಂದರು.

ವಿಷಯ ತಿಳಿದು ನೀನು ಕಾಗದ ಬರೆದೆ. "ಅಕ್ಕಾ, ನೆಲಕ್ಕೆ ಬೇರೆ ಜಾತಿಯದು ಬರುತ್ತದೆ, ನೋಡಲು ಮಂಕಾಗಿರುತ್ತದೆ, ಅದನ್ನೇ ತೆಗೆದುಕೋ" ಎಂದು ಬರೆದು, ಅದರ ಹೆಸರು, ಅಂಗಡಿಯ ವಿಳಾಸ ಎಲ್ಲ ಕೆಳಗೆ ಕಾಣಿಸಿದ್ದೆ. ನಾನು ಏನೆಂದುಕೊಂಡೆ ಗೊತ್ತೆ? ಹೊಳೆಯುವುದು ಅವಳಿಗೆ, ಮಂಕು ನನಗೆ. ಚಿಕ್ಕಂದಿನಲ್ಲೂ ಹಾಗೇ, ಜರಿಯಂಚಿನ ಲಂಗ ನಿನಗೆ, ಬಾಳಿಕೆ ಬರುವ ಚೌಕಳಿ ಲಂಗ ನನಗೆ. ಕಾಗದವನ್ನು ಎಲ್ಲೋ ಇಟ್ಟೆ.

ಟೈಲ್ಸು ಕೂರಿಸಲು ಬಂದವನು ಮಗನಭಾಯಿ ಎಂಬ ಕಡಿಯಾ. ಇಲ್ಲಿ ಗಾರೆಯವನನ್ನು ಕಡಿಯಾ ಎನ್ನುತ್ತಾರೆ. ಸೂರತ್ತಿನ ಕಡೆಯವನು, ಅರವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಸದಾ ಬೀಡಿ. ನಾನು ಆರಿಸಿ ತಂದ ಬಿಳಿಯ ಬಿಲ್ಲೆಯೊಂದನ್ನು ಕವುಚಿ ಹಾಕಿ, ಅದರ ಬೆನ್ನಿಗೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹನಿ ಮಾಯ. ಆಮೇಲೆ ತನ್ನ ಚೀಲದಿಂದ ಇಟ್ಟಿಗೆ ಬಣ್ಣದ ಇನ್ನೊಂದು ಬಿಲ್ಲೆ ತೆಗೆದ. ಅದಕ್ಕೆ ಮೆರುಗಿಲ್ಲ, ಮೈ ಸ್ವಲ್ಪ ಒರಟು, ಅಂಗೈಯಷ್ಟೇ ಇದ್ದರೂ ಭಾರ. ಅದರ ಬೆನ್ನಿನ ಮೇಲೆ ಹನಿ ಬಿಟ್ಟರೆ ಕೆಸುವಿನೆಲೆಯ ಮೇಲೆ ನಿಂತ ಹಾಗೆ ನಿಂತೇ ಇತ್ತು. ಬಿಳಿಯದನ್ನು ಬೆರಳಿನಲ್ಲಿ ತಟ್ಟಿದ, ಮಡಕೆಯ ಹಾಗೆ ದಪ್ಪ ಸದ್ದು. ಕೆಂಪನ್ನು ತಟ್ಟಿದ, ಕಂಚಿನ ಹಾಗೆ ಟಣ್ ಎಂದಿತು. ಬಿಳಿಯದನ್ನು ತೋರಿಸಿ "ಆ ಪೀಏ ಛೇ, ಬೆಹೆನ್" ಎಂದ, ಇದು ಕುಡಿಯುತ್ತದೆ ತಂಗಿ ಎಂದು. ಕುಡಿಯುವುದು ಗೋಡೆಗೆ, ಕುಡಿಯದ್ದು ನೆಲಕ್ಕೆ. ಕುಡಿಯುವುದು ಹದವಾದ ಬೆಂಕಿಯಲ್ಲಿ ಬೆಂದದ್ದು, ಮೇಲೆ ಗಾಜಿನ ಮೆರುಗು, ಒಳಗೆ ಮೆತ್ತಗೆ. ಅದರ ಮೇಲೆ ತಂಬಿಗೆ ಬಿದ್ದರೆ ಚಕ್ಕೆ ಏಳುತ್ತದೆ, ನೀರು ಬಿದ್ದರೆ ಜಾರುತ್ತದೆ. ಕುಡಿಯದ್ದು ದೊಡ್ಡ ಬೆಂಕಿಯಲ್ಲಿ ಬೆಂದು ಗಟ್ಟಿಯಾದದ್ದು, ಮೇಲೂ ಒಳಗೂ ಒಂದೇ ಮಣ್ಣು. ಇಷ್ಟನ್ನೂ ಅವನು ಗುಜರಾತಿಯಲ್ಲಿ, ಮಧ್ಯೆ ಹಿಂದಿ ಸೇರಿಸಿ, ಪುರಾಣ ಹೇಳುವ ಹಾಗೆ ನಿಧಾನವಾಗಿ ಹೇಳಿದ. ಪಾನನಿಷೇಧವಿರುವ ರಾಜ್ಯದಲ್ಲಿ ಕುಡಿಯುವವರನ್ನೆಲ್ಲ ಗೋಡೆಗೆ ನಿಲ್ಲಿಸುವುದು ನ್ಯಾಯವೇ ಎಂದು ನಿಮ್ಮ ಭಾವ ನಕ್ಕರು. ನನಗೆ ನಗು ಬರಲಿಲ್ಲ. ಈ ಕೆಂಪು ಬಿಲ್ಲೆ ನನ್ನ ತಂಗಿಯ ಮನೆಯದರ ಹಾಗೆ ಹೊಳೆಯುವುದಿಲ್ಲ ಎಂದೆ. "ತಂಗಿಯ ಮನೆಯ ನೆಲ ನೋಡಿದ್ದೀರಾ?" ಎಂದು ಕೇಳಿದ. ನೋಡಿದ್ದೇನೆ ಎಂದೆ. ನೋಡಿರಲಿಲ್ಲ ತಾರಾ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬೀಡಿ ಹಚ್ಚಿ, "ಜೇವೀ ತಮಾರೀ ಮರಜೀ" ಎಂದ. ನಿಮ್ಮಿಷ್ಟ. ಈ ಊರಿನವರು ಅದನ್ನು ಹೇಳಿದರೆಂದರೆ ಮುಂದೆ ಆಗುವುದಕ್ಕೆಲ್ಲ ನಾವೇ ಹೊಣೆ.

ಬಿಳಿಯ ಬಿಲ್ಲೆಗಳನ್ನೆಲ್ಲ ಒಂದಿಡೀ ದಿನ ತೊಟ್ಟಿಯಲ್ಲಿ ನೆನೆಹಾಕಿದ. ಒಣಗಿದ್ದನ್ನು ಕೂರಿಸಿದರೆ ಸಿಮೆಂಟಿನ ನೀರನ್ನೆಲ್ಲ ಅದೇ ಕುಡಿದುಬಿಡುತ್ತದಂತೆ, ಹಿಡಿತ ಬರುವುದಿಲ್ಲವಂತೆ. ತೊಟ್ಟಿಯ ತುಂಬ ಗುಳುಗುಳು ಗುಳ್ಳೆ. ವಾರದಲ್ಲಿ ಕೆಲಸ ಮುಗಿಯಿತು. ಬಚ್ಚಲು ಬೆಳ್ಳಿಯ ಭರಣಿಯ ಒಳಗಿನ ಹಾಗೆ ಹೊಳೆಯಿತು. ಅಲ್ಕಾಪುರಿಯ ಬಂಗಲೆಗಳಲ್ಲೂ ಇಂಥದಿಲ್ಲ ಎಂದಳು ಪಕ್ಕದ ಮನೆಯ ಶಾರದಾಬೆನ್. ಹೊಳಪು ಮಾಸಬಾರದೆಂದು ಹಬ್ಬದವರೆಗೆ ಬಾಗಿಲಿಗೆ ಬೀಗ ಹಾಕಿ, ನಾವಿಬ್ಬರೂ ಹಿತ್ತಿಲ ನಲ್ಲಿಯಲ್ಲೇ ಸ್ನಾನ ಮಾಡಿಕೊಂಡೆವು. ನಿಮ್ಮ ಭಾವ ಟವೆಲ್ಲು ಸುತ್ತಿಕೊಂಡು ನಡುಗುತ್ತ "ದೇವಸ್ಥಾನ ಯಾವಾಗ ತೆಗೀತಾರೆ?" ಎನ್ನುವರು. ಅಮ್ಮನಿಗೆ ನಾನು ಬರೆದೆ: "ನಮ್ಮ ಬಚ್ಚಲು ನೋಡಲು ಬಾ." ಅಮ್ಮ ಬಂದಳು. ಸ್ಟೇಷನ್ನಿನಲ್ಲಿ ಅವಳ ಚೀಲ ನನ್ನ ಕೈಗೆ ಬಂದಾಗ ನಿನ್ನಿಂದ ಕಿತ್ತುಕೊಂಡಷ್ಟು ಸಂತೋಷವಾಯಿತು. ಮುಚ್ಚಿಡುವುದೇನು.

ನರಕಚತುರ್ದಶಿಯ ಬೆಳಗಿನ ಜಾವ ಅಮ್ಮ ಮಣೆಯ ಮೇಲೆ ಕೂರಿಸಿ ನಮ್ಮಿಬ್ಬರಿಗೂ ಹರಳೆಣ್ಣೆ ಒತ್ತಿದಳು, ನೆತ್ತಿಯಿಂದ ಅಂಗಾಲಿನವರೆಗೆ. ಮೊದಲ ಸ್ನಾನ ಅಮ್ಮನದೇ ಆಗಬೇಕೆಂದು ನಾನು ಬೀಗ ತೆಗೆದು, ದೀಪ ಹಾಕಿ, ಹಂಡೆಯಿಂದ ಎರಡು ಚೊಂಬು ನೀರು ನೆಲಕ್ಕೆ ಹೊಯ್ದು ನಿಂತೆ. ಅಮ್ಮ ಹೊಸ್ತಿಲಲ್ಲೇ ನಿಂತು ಬಲಗಾಲಿನ ಹೆಬ್ಬೆರಳನ್ನು ಮಾತ್ರ ಇಳಿಸಿ ಒತ್ತಿ ನೋಡಿದಳು. ಮತ್ತೆ ಎತ್ತಿಕೊಂಡಳು. "ಇದು ನೆಲ ಅಲ್ಲ ಕಣೇ, ತಟ್ಟೆ. ತಟ್ಟೆ ಮೇಲೆ ಕಾಲಿಡಬಾರದು. ನಾನು ಹಿತ್ತಿಲಲ್ಲೇ ನೀರು ಹಾಕ್ಕೋತೀನಿ" ಎಂದಳು. ನನಗೆ ಕಣ್ಣು ಕತ್ತಲಿಟ್ಟಿತು. ತಾರಾಳ ಮನೆಯಲ್ಲಿ ಒಂದೊಂದು ಗಂಟೆ ಸ್ನಾನ ಮಾಡುತ್ತೀಯಂತೆ, ನನ್ನ ಮನೆಯಲ್ಲಿ ಕಾಲಿಡುವುದಿಲ್ಲವೋ, ನೋಡು ಎಂದು ನಾನೇ ಒಳಗೆ ಕಾಲಿಟ್ಟೆ. ಮೈಯೆಲ್ಲ ಎಣ್ಣೆ, ಕೆಳಗೆ ಗಾಜು, ನಡುವೆ ನೀರು. ಎರಡನೆಯ ಹೆಜ್ಜೆ ನಾನು ಇಡಲಿಲ್ಲ, ಅದೇ ಹೋಯಿತು. ಎದ್ದಾಗ, ಅಂದರೆ ನನ್ನನ್ನು ಎತ್ತಿದಾಗ, ಹಿಮ್ಮಡಿಯ ಮೇಲಿನ ಮೂಳೆ ಬಿರಿದಿತ್ತು. ನಿಮ್ಮ ಭಾವ ಮೈತುಂಬ ಎಣ್ಣೆಯಲ್ಲೇ ಟಾಂಗಾ ಕರೆಯಲು ಓಡಿದರು. ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಇಳಿಸಿಕೊಳ್ಳುತ್ತ "ಗೋಡೆ ಮೇಲೆ ನಡೆಯೋದು ಹಲ್ಲಿಗೆ ಮಾತ್ರ ಬರುತ್ತೆ, ಸುಲೋಚನಾ" ಎಂದರು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಸಂಜೆ ಅಮ್ಮನನ್ನು ಕೇಳಿಯೇ ಬಿಟ್ಟೆ. ತಾರಾಳ ಮನೆಯ ಗೋಡೆಯಲ್ಲಿ ಇರುವಂಥದೇನು ಎಂದು. ಅಮ್ಮ ನನ್ನ ಕಾಲ ಕೆಳಗೆ ದಿಂಬು ಸರಿಮಾಡುತ್ತ, "ಗೋಡೇನ ಯಾರೇ ನೋಡಿದ್ರು? ನನ್ನ ವಯಸ್ಸಿಗೆ ಕಾಲಿಡೋ ಜಾಗ ನೋಡ್ತೀನೋ, ಗೋಡೆ ನೋಡ್ತೀನೋ? ಅಲ್ಲಿ ಕೆಳಗೆ ಒರಟು ಕಲ್ಲಿನಂಥದ್ದು ಹಾಕಿದಾರೆ, ಒದ್ದೆ ಇದ್ರೂ ಕಾಲು ಹಿಡಿಯುತ್ತೆ. ಅಷ್ಟೇ" ಎಂದಳು. ಆರು ತಿಂಗಳು ನಾನು ಉರಿದದ್ದು ಅಮ್ಮ ಕಣ್ಣೆತ್ತಿಯೂ ನೋಡದ ಗೋಡೆಗೆ. ಹಾಗಾದರೆ ಅಷ್ಟು ದಿನ ಅಲ್ಲೇ ಉಳಿದದ್ದು ನೆಲಕ್ಕಾಗಿಯೇ ಎಂದೆ. "ಅವಳು ಇರು ಅಂದ್ಲು, ಇದ್ದೆ. ನೀನು ಬಚ್ಚಲು ನೋಡೋಕೆ ಬಾ ಅಂತ ಬರೆದೆ. ಬರೀ ಬಾ ಅಂತ ಬರೀಲಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಅಮ್ಮ ಪ್ಲಾಸ್ಟರ್ ಬಿಚ್ಚುವ ತನಕ ಇಲ್ಲೇ ಇರುತ್ತಾಳೆ. ಟೈಲ್ಸು ಮಾಡದ ಕೆಲಸವನ್ನು ಮುರಿದ ಕಾಲು ಮಾಡಿತು. ಬೆಳಿಗ್ಗೆ ನನ್ನ ತಲೆ ಬಾಚಿ ಜಡೆ ಹಾಕುತ್ತಾಳೆ, ನಲವತ್ತೊಂದು ವರ್ಷದವಳಿಗೆ. ನಿನಗೆ ಸ್ವಲ್ಪ ಹೊಟ್ಟೆ ಉರಿದರೆ ತಪ್ಪಿಲ್ಲ, ಉರಿಯಲಿ, ನನ್ನದು ತಣ್ಣಗಾಗುತ್ತದೆ. ಅಚ್ಯುತರಾಯರಿಗೆ ನಮ್ಮ ನಮಸ್ಕಾರ. ಮೀರಾಗೆ ಮುತ್ತು, ಅಜ್ಜಿ ಅವಳಿಗೆ ಚಕ್ಕುಲಿ ಕರಿದಿಟ್ಟಿದ್ದಾಳೆ. ಅಮ್ಮನ ಆಶೀರ್ವಾದ ನಿಮ್ಮ ಮೂವರಿಗೂ, ನನ್ನದೂ ಅದರ ಜೊತೆಗೆ.

ನಿನ್ನ ಅಕ್ಕ,
ಸುಲೋಚನಾ

ಮರೆತಿದ್ದೆ: ಅಮ್ಮ ಹೂ ಬಿಡಿಸಲು ಹಿತ್ತಿಲಿಗೆ ಹೋಗಿದ್ದಾಳೆ, ಬರುವಷ್ಟರಲ್ಲಿ ಬರೆಯುತ್ತೇನೆ. ನಿನ್ನ ಕಾಗದವನ್ನು ಎಲ್ಲೋ ಇಟ್ಟೆ ಎಂದೆನಲ್ಲ, ಇಟ್ಟದ್ದು ಸಿಗಡಿಯ ಕೆಂಡದಲ್ಲಿ, ಅದರ ಮೇಲೆ ಕಾಫಿಗೆ ನೀರು ಕಾಯಿಸಿದೆ. ಮಗನಭಾಯಿ ಮುಂದಿನ ವಾರ ಬಂದು ನೆಲ ಒಡೆಯುತ್ತಾನೆ. ನಿನ್ನ ನೆಲಕ್ಕೆ ಹಾಕಿಸಿದ ಬಿಲ್ಲೆಯ ಹೆಸರು, ಅಂಗಡಿಯ ವಿಳಾಸ ಮತ್ತೊಮ್ಮೆ ಬರೆ. ಬರೆಯುವ ಬದಲು ನೀನೇ ಬಂದು ಹೇಳು. ಬರೀ ಬಾ ಎಂದು ಬರೆದಿದ್ದೇನೆ, ಗಮನಿಸು. ಇನ್ನೊಂದು. ದಡಾರದ ಆ ಬೆಳಿಗ್ಗೆ ನೀನು ಗೋಡೆ ಹಿಡಿದುಕೊಂಡು ಎದ್ದು, ಕೊಟ್ಟಿಗೆಯಿಂದ ಒಂದು ಹಿಡಿ ತೌಡು ತಂದು, ಹೊಸ್ತಿಲಿಗೆ ಚೆಲ್ಲಿ, ಮತ್ತೆ ಹೋಗಿ ಮಲಗಿದೆ. ನಾನು ಎಚ್ಚರವಾಗಿದ್ದೆ. ಅಮ್ಮ ಎದ್ದು ನೋಡಿದರೆ ನಿನ್ನನ್ನು ಎತ್ತಿ ಮುದ್ದಾಡುತ್ತಾಳೆಂದು, ಅವಳು ಏಳುವ ಮೊದಲೇ ಅಷ್ಟನ್ನೂ ಗುಡಿಸಿ ಹಸುವಿಗೆ ಹಾಕಿದೆ.