ಬಳ್ಳಿ ಕೆತ್ತಿದ ಪಟ್ಟಿ

ಮಾವಾ,

ನಿನ್ನ ಅಳಿಯ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಕೊನೆಯವರೆಗೆ ಓದಿ ಬೈ. ನೀನು ತೀರಿಹೋಗಿ ವರ್ಷವಾಯಿತು; ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಮಳವಳ್ಳಿ ಮೇಷ್ಟ್ರ ಮನೆಗೆ ನಾವಿಬ್ಬರೂ ಹಾಕಿದ ಪುಸ್ತಕದ ಹಲಗೆ ನೆನಪಿದೆಯಾ? ಗೋಡೆಯಿಂದ ಗೋಡೆಗೆ ಒಂಬತ್ತಡಿ, ಒಂದೇ ತೇಗದ ಹಲಗೆ. ನಡುವೆ ಕಂಬ ಕೊಡೋಣ ಎಂದರೆ, "ಸುಮ್ಕಿರ್ಲಾ, ಮುಂದ್ಗಡೆ ಪಟ್ಟಿ ಬಡೀತೀನಿ, ಸಾಕು" ಎಂದು ನನ್ನ ಬಾಯಿ ಮುಚ್ಚಿಸಿದೆ. ಅಂಚಿನ ಕೆಳಗೆ ನಾಲ್ಕು ಬೆರಳಗಲದ ಪಟ್ಟಿಯನ್ನು ನಿಲ್ಲಿಸಿ ಬಡಿದೆ. ಅದರ ಮೇಲೊಂದು ಬಳ್ಳಿಯನ್ನೂ ಕೆತ್ತಿದೆ. ಯಾಕೆ ಕೆತ್ತಿದೆ ಮಾವಾ? ಅದನ್ನು ನೋಡಿಯೇ ನಾನು, ಪಟ್ಟಿ ಬರೀ ಅಂದಕ್ಕೆ ಅಂದುಕೊಂಡದ್ದು.

ನೀನು ಹೋದ ಮೇಲೆ ಮೇಷ್ಟ್ರು ಕರೆಸಿದರು. ಯುದ್ಧ ಶುರುವಾದಂದಿನಿಂದ ಒಂದು ಪೇಪರನ್ನೂ ಬಿಸಾಡಿಲ್ಲ ಪುಣ್ಯಾತ್ಮ. ಹಲಗೆಯ ಕೆಳಗಿನ ಖಾನೆಗೆ ತಳ್ಳುವಾಗ ಕಟ್ಟುಗಳು ಪಟ್ಟಿಗೆ ತಗಲುತ್ತಿದ್ದವು. "ಇದನ್ನ ತೆಗೀಬಹುದೇನಪ್ಪ?" ಎಂದರು. ಉಳಿ ಕೊಟ್ಟು ಕಿತ್ತೇಬಿಟ್ಟೆ. ಹಲಗೆಯ ಮೇಲೂ ಕಟ್ಟು ಪೇರಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ನಡುಮಧ್ಯ ಎರಡು ಬೆರಳು ಜೋತುಬಿತ್ತು.

ಆ ಹಲಗೆ ನೋಡಿದ ಯಾರೋ ಸಂತೆಯಲ್ಲಿ ನಿನ್ನ ಮಗಳ ಮುಖಕ್ಕೇ ಅಂದರಂತೆ, "ಇಷ್ಟೇ ಕಣಮ್ಮ ನಿಮ್ಮಪ್ಪನ ಕೆಲ್ಸ!" ಮನೆಗೆ ಬಂದು ಅತ್ತಳು. "ಅಪ್ಪಂಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು, ಅಲ್ವಾ?" ಎಂದು ನನ್ನನ್ನೇ ಕೇಳಿದಳು. ನಾನು ಹೂಂ ಅಂದೆ. ಅಯ್ಯೋ ಮಾವಾ, ಹೂಂ ಅಂದುಬಿಟ್ಟೆ!

ನಿನ್ನ ಹತ್ತಿರ ಬಡಗಿ ಕೆಲಸಕ್ಕೆ ಸೇರಿದ ವಾರದಲ್ಲೇ ನೀನು ಎರಡು ಕಲ್ಲಿನ ಮೇಲೆ ತೆಳು ಪಟ್ಟಿಯೊಂದನ್ನು ಮಲಗಿಸಿ ನನ್ನ ಕೈಯಲ್ಲಿ ಒತ್ತಿಸಿದ್ದೆ. ಬಗ್ಗಿತು. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿಸಿದೆ. ಜಪ್ಪಯ್ಯ ಅಂದರೂ ಬಗ್ಗಲಿಲ್ಲ. "ಕಂಡ್ಯೇನ್ಲಾ?" ಅಂದಿದ್ದೆ. ಕಂಡಿದ್ದೆ. ಕಂಡೂ...

ಮೊನ್ನೆ ಹೋಗಿ ಹಲಗೆ ಇಳಿಸಿದೆ. ಜೋತ ಹೊಟ್ಟೆ ಮೇಲಕ್ಕೆ ಬರುವಂತೆ ಮಗುಚಿದೆ. ನಿನ್ನ ಪಟ್ಟಿ ಹಿತ್ತಲ ಸೌದೆಯ ಜೊತೆ ಬಿದ್ದಿತ್ತು, ಸದ್ಯ ಒಲೆಗೆ ಹೋಗಿರಲಿಲ್ಲ. ಮುಂದಕ್ಕೆ ಅದನ್ನೇ ಬಿಗಿದೆ, ಹಿಂದಕ್ಕೊಂದು ಹೊಸದು. ಕಟ್ಟುಗಳನ್ನು ಒಡೆದು ಚಿಕ್ಕದು ಮಾಡಿ ಪೇರಿಸಿದೆವು. ಈ ತುದಿಯಿಂದ ಆ ತುದಿಗೆ ನೂಲು ಹಿಡಿದೆ, ಕೂದಲೆಳೆ ವ್ಯತ್ಯಾಸವಿಲ್ಲ. "ತಪ್ಪು ನಂದು ಮೇಷ್ಟ್ರೇ, ಮಾವಂದಲ್ಲ" ಅಂದೆ. "ತೆಗಿ ಅಂದೋನು ನಾನು ತಾನೆ" ಎಂದು ಅವರೂ ತಲೆ ತಗ್ಗಿಸಿದರು.

ಇಷ್ಟಕ್ಕೇ ಮುಗಿಯಿತಾ? ನಿನ್ನ ಮಗಳಿಗೆ ಓದಲು ಬರುವುದಿಲ್ಲ. ಅಂಗಳದಲ್ಲಿ ರಾಗಿ ಕೇರುತ್ತಿದ್ದಾಳೆ. ಅವಳು ಮೊರ ಕೆಳಗಿಟ್ಟ ಕೂಡಲೆ ಕರೆದು ಕೂರಿಸಿ, ಈ ಕಾಗದವನ್ನು ಮೊದಲಿನಿಂದ ಓದಿ ಹೇಳುತ್ತೇನೆ. ನನ್ನ ಹೂಂ ಅನ್ನೂ ಬಿಡುವುದಿಲ್ಲ.