ಪುಟ್ಟಿಯ ಪಾಲಿನ ಮುಪ್ಪು

ಫೆಬ್ರವರಿ 10, ಸೋಮವಾರ

ಅಮ್ಮ ಇವತ್ತೂ ಹಲ್ಲುಜ್ಜಲು ಬಾಯಿ ಬಿಡಲಿಲ್ಲ. ಬ್ರಶ್ ಹಿಡಿದು ನಿಂತೇ ನಿಂತೆ. ಕೊನೆಗೆ ನನ್ನ ಹಲ್ಲನ್ನೇ ಇನ್ನೊಂದು ಸಲ ಉಜ್ಜಿ ತೋರಿಸಿದೆ. "ಎಷ್ಟು ಸಲ ಉಜ್ತೀಯೇ? ಸವೆದು ಹೋಗುತ್ತೆ" ಎಂದಳು. ನಕ್ಕೆ. ನಗದೇ ಇನ್ನೇನು ಮಾಡಲಿ. ಅಮ್ಮನ ಮರೆವಿಗೆ ಇದು ಒಂಬತ್ತನೇ ವರ್ಷ.

ಬೆಳಗಿನ ಆಯಾ ಬರುವುದು ತಡವಾಯಿತು, ಹಾಗಾಗಿ ಕನ್ನಡಕದ ಅಂಗಡಿಗೆ ನಾನೂ ತಡ. ಯಜಮಾನರು ಗಡಿಯಾರ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಮಧ್ಯಾಹ್ನ ಪುಟ್ಟಿಯ ಫೋನ್. "ಅಕ್ಕಾ, ಮುಪ್ಪಿನ ಮೇಲೆ ಏನೋ ರಿಸರ್ಚ್ ಅಂತೆ. ಅವಳಿಗಳೇ ಬೇಕಂತೆ. ರಕ್ತ ಕೊಟ್ರೆ ಸಾಕು. ಹೋಗೋಣ್ವಾ?"

ಹತ್ತು ನಿಮಿಷ ಮೊದಲು ಹುಟ್ಟಿದ್ದಕ್ಕೆ ಐವತ್ತನಾಲ್ಕು ವರ್ಷದಿಂದ ನಾನು ಅಕ್ಕ. ಅವಳು ಇನ್ನೂ ಪುಟ್ಟಿ. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕೆಲಸ ಅವಳಿಗೆ, ನೈಟ್ ಶಿಫ್ಟ್. ಏಸಿ, ಮೆತ್ತನೆ ಕುರ್ಚಿ, ತಲೆಗೆ ಹೆಡ್‌ಫೋನ್. ಗಂಡನನ್ನು ಬಿಟ್ಟ ಮೇಲೆ ಒಂಟಿ. ಹಿಂದಿಲ್ಲ ಮುಂದಿಲ್ಲ. ಹಗಲೆಲ್ಲ ನಿದ್ದೆ... ಪುಣ್ಯವಂತೆ.

ಹೋಗೋಣ ಅಂದೆ. ಅಮ್ಮನ ಕೋಣೆಯಿಂದ ಒಂದು ಮಧ್ಯಾಹ್ನ ಹೊರಗೆ — ಅಷ್ಟಕ್ಕೇ.

ಫೆಬ್ರವರಿ 18, ಮಂಗಳವಾರ

ರಕ್ತ ಕೊಟ್ಟು ಬಂದೆವು. ಡಾಕ್ಟರ್ ಚಿಕ್ಕ ಹುಡುಗಿ. ನಮ್ಮಿಬ್ಬರನ್ನು ನೋಡಿ ಖುಷಿಯೋ ಖುಷಿ, ಅಂಗಡಿಯಲ್ಲಿ ಜೋಡಿ ಚಪ್ಪಲಿ ಸಿಕ್ಕ ಹಾಗೆ.

"ನಿಮ್ಮಿಬ್ಬರ ಡಿಎನ್‌ಎ ಒಂದೇ" ಅಂದಳು. "ಒಂದೇ ಪುಸ್ತಕದ ಎರಡು ಪ್ರತಿ ಅಂದ್ಕೊಳ್ಳಿ. ಆದರೆ ಬದುಕ್ತಾ ಬದುಕ್ತಾ ಅದರ ಮೇಲೆ ಸಣ್ಣ ಸಣ್ಣ ಗುರುತು ಬೀಳ್ತಾ ಹೋಗುತ್ತೆ. ಆ ಗುರುತು ನೋಡಿ ದೇಹಕ್ಕೆ ಎಷ್ಟು ವಯಸ್ಸಾಗಿದೆ ಅಂತ ಅಂದಾಜು ಮಾಡ್ತೀವಿ. ಹುಟ್ಟಿದ ತಾರೀಖಿನ ವಯಸ್ಸಲ್ಲ. ಬೇರೆ."

"ಹೆಂಗಸರ ವಯಸ್ಸು ಕೇಳಬಾರ್ದು ಅಂತಾರೆ. ನೀವು ರಕ್ತದಲ್ಲೇ ಹುಡುಕ್ತೀರಲ್ಲ" ಎಂದಳು ಪುಟ್ಟಿ.

ಪ್ರಶ್ನೆಗಳ ಹಾಳೆ ಬೇರೆ ಬೇರೆ ಕೋಣೆಯಲ್ಲಿ ತುಂಬಿಸಿದರು. ನಿದ್ದೆ, ಊಟ, ಕುಡಿತ, ಸಿಗರೇಟು, ಚಿಂತೆ. ಚಿಂತೆಗೆ ಕೊಟ್ಟಿದ್ದ ಜಾಗ ಸಾಲಲಿಲ್ಲ.

ಏಪ್ರಿಲ್ 3, ಗುರುವಾರ

ಫಲಿತಾಂಶ ಹೇಳುವ ವಾಡಿಕೆ ಇಲ್ಲವಂತೆ. ಪುಟ್ಟಿ ಹಟ ಹಿಡಿದಳು. ಹುಡುಗಿ ಡಾಕ್ಟರ್ ಮೊದಲೇ ಹೇಳಿದಳು — "ಇದು ಭವಿಷ್ಯ ಅಲ್ಲ. ಸಾವಿರ ಜನರ ಮೇಲೆ ನೋಡಿದ್ರೆ ಅರ್ಥ ಇದೆ. ಒಬ್ಬೊಬ್ಬರಿಗೆ ಹೆಚ್ಚುಕಮ್ಮಿ ಆಗುತ್ತೆ. ತಲೆಗೆ ಹಚ್ಕೋಬೇಡಿ."

ಪುಟ್ಟಿಗೆ ಐವತ್ತು. ನನಗೆ ಅರವತ್ತೆರಡು.

ತಲೆಗೆ ಹಚ್ಚಿಕೊಳ್ಳಬೇಡಿ ಅಂತೆ.

ಬಸ್ಸಿನಲ್ಲಿ ವಾಪಸು ಬಂದೆವು. ಇಳಿಯುವಾಗ ಪುಟ್ಟಿ ನನ್ನ ಕೈಚೀಲ ತಾನೇ ತೆಗೆದುಕೊಂಡಳು, ಮುದುಕಿಗೆ ಸಹಾಯ ಮಾಡುವ ಹಾಗೆ. ಕಿತ್ತುಕೊಂಡೆ.

ಏಪ್ರಿಲ್ 6, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಪುಟ್ಟಿ ಎಂದಿನಂತೆ ಹಣ್ಣು ತಂದಳು. ಅಮ್ಮನ ಹತ್ತಿರ ಅರ್ಧ ಗಂಟೆ ಕೂತಳು. ಆಮೇಲೆ ಬಾಗಿಲಲ್ಲಿ ನಿಂತು ಉಪದೇಶ. "ಅಮ್ಮಂಗೆ ದಿನಾ ಸ್ವಲ್ಪ ವಾಕಿಂಗ್ ಮಾಡ್ಸು ಅಕ್ಕ. ಮಲಗಿ ಮಲಗಿ ಕಾಲು ಹಿಡ್ಕೊಂಡಿದೆ."

ಅಷ್ಟೇ ಸಾಕಾಯಿತು.

"ಒಂಬತ್ತು ವರ್ಷ ನಾನೊಬ್ಬಳೇ ಮಾಡ್ದೆ ಪುಟ್ಟಿ. ನೀನು ಹಣ್ಣು ತಂದೆ. ಆ ಹನ್ನೆರಡು ವರ್ಷ ವ್ಯತ್ಯಾಸ ಎಲ್ಲಿಂದ ಬಂತು ಅಂದ್ಕೊಂಡಿದೀಯ? ನಿನ್ನ ಪಾಲಿನ ಮುಪ್ಪೂ ನನಗೇ ಬಂದಿದೆ."

ಅವಳು ಬಿಳಿಚಿಕೊಂಡಳು. ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು. ಚಪ್ಪಲಿ ಮೆಟ್ಟಿ ಹೋದಳು. ಅಮ್ಮ ಒಳಗಿನಿಂದ "ಯಾರು ಬಂದಿದ್ರು?" ಅಂದಳು.

ಹೇಳಿದ್ದು ಸುಳ್ಳಲ್ಲ. ಆದರೆ ಹೇಳುವಾಗ ಒಳಗೊಳಗೇ ಸುಖವಾಯಿತಲ್ಲ — ಅದು...

ಏಪ್ರಿಲ್ 8, ಮಂಗಳವಾರ

ಪುಟ್ಟಿ ಟ್ಯಾಕ್ಸಿ ತಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಬಟ್ಟೆ, ಮಾತ್ರೆ, ಅಮ್ಮನ ದಿಂಬು. "ರಾತ್ರಿಗೆ ಒಬ್ಬ ಆಯಾನ ಗೊತ್ತು ಮಾಡಿದೀನಿ. ಹಗಲು ನಾನಿರ್ತೀನಿ."

"ನಿದ್ದೆ ಯಾವಾಗ ಮಾಡ್ತೀಯ?"

"ಐವತ್ತರ ದೇಹ ಅಕ್ಕ. ತಡ್ಕೊಳುತ್ತೆ."

ವ್ಯಂಗ್ಯವೋ ನಿಜವೋ ತಿಳಿಯಲಿಲ್ಲ.

ಏಪ್ರಿಲ್ 16, ಬುಧವಾರ

ನಿದ್ದೆ ಮಾಡಿದೆ. ಎದ್ದೆ. ಮತ್ತೆ ಮಲಗಿದೆ. ಯಾರೂ ಕರೆಯಲಿಲ್ಲ.

ಅಂಗಡಿಯಲ್ಲಿ ಈಗ ಪೂರ್ತಿ ದಿನ. ಮಕ್ಕಳ ಕನ್ನಡಕದ ವಿಭಾಗ ನನಗೇ ಬಿಟ್ಟಿದ್ದಾರೆ. ಫ್ರೇಮಿನ ಕಡ್ಡಿ ಬಿಸಿ ಮಾಡಿ ಕಿವಿಯ ಅಳತೆಗೆ ಬಾಗಿಸಿದೆ, ಒಂದೇ ಸಲಕ್ಕೆ ಸರಿಯಾಗಿ ಕೂತಿತು. ಎಷ್ಟು ದಿನವಾಗಿತ್ತು.

ಏಪ್ರಿಲ್ 29, ಮಂಗಳವಾರ

ಡಾಕ್ಟರ್ ಹುಡುಗಿಯ ಫೋನ್. ವಿಚಿತ್ರ ಪ್ರಶ್ನೆ. "ನೀವು ಸಿಗರೇಟ್ ಸೇದ್ತೀರಾ?"

"ನಾನಾ? ಹೊಗೆ ಕಂಡ್ರೆ ಕೆಮ್ಮು ಬರುತ್ತೆ ನನಗೆ."

"ಯಾವತ್ತೂ ಸೇದಿಲ್ವಾ? ಖಂಡಿತಾ?"

ನಕ್ಕೆ. ಅವಳು ನಗಲಿಲ್ಲ. ಮತ್ತೆ ಫೋನ್ ಮಾಡುತ್ತೇನೆ ಎಂದಳು.

ಮೇ 5, ಸೋಮವಾರ. ಸಂಜೆ

ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸ್ ಉಜ್ಜುವ ಮೆಷಿನ್ನಿನ ಪಕ್ಕ ನಿಂತು ಡಾಕ್ಟರ್ ಹುಡುಗಿ ಫೋನಿನಲ್ಲಿ ಹೇಳಿದ್ದನ್ನು ಕೇಳಿದೆ. ಮೆಷಿನ್ ಆಫ್ ಮಾಡಿ ಮತ್ತೊಮ್ಮೆ ಹೇಳಿಸಿ ಕೇಳಿದೆ.

ನಮ್ಮಿಬ್ಬರ ಟ್ಯೂಬಿನ ಲೇಬಲ್ ಅದಲುಬದಲಾಗಿತ್ತಂತೆ. ಬೇರೆ ಯಾರದ್ದಾದರೂ ಆಗಿದ್ದರೆ ಡಿಎನ್‌ಎ ನೋಡಿಯೇ ತಪ್ಪು ಹಿಡಿಯುತ್ತಿದ್ದರು. ನಮ್ಮದು ಒಂದೇ, ಗೊತ್ತಾಗಲಿಲ್ಲ. ಆದರೆ ಬಹಳ ವರ್ಷ ಸಿಗರೇಟು ಸೇದಿದರೂ ಗುರುತು ಬೀಳುತ್ತದಂತೆ. ನನ್ನ ಹೆಸರಿನ ಟ್ಯೂಬಿನಲ್ಲಿ ಅದು ಇತ್ತು. ನನ್ನ ಹಾಳೆಯಲ್ಲಿ ಇಲ್ಲ. ಅನುಮಾನ ಬಂದು, ತೆಗೆದಿಟ್ಟಿದ್ದ ಎರಡನೇ ಟ್ಯೂಬುಗಳನ್ನು ಪರೀಕ್ಷೆ ಮಾಡಿದ್ದಾರೆ.

"ತಪ್ಪು ನಮ್ಮದೇ. ತುಂಬಾ ಸಾರಿ. ನಿಮ್ಮದು ಐವತ್ತು."

ನನ್ನದು ಐವತ್ತು. ಹಾಗಾದರೆ ಅರವತ್ತೆರಡು —

"ನಿಮ್ಮ ತಂಗಿಗೂ ಫೋನ್ ಮಾಡ್ದೆ. ಎತ್ತಲಿಲ್ಲ. ನಾಳೆ ಮತ್ತೆ ಮಾಡ್ತೀನಿ."

"ಬೇಡ" ಅಂದೆ. "ನಾನೇ ಹೇಳ್ತೀನಿ."

"ಸರಿ. ಹೇಳಿ, ಆಮೇಲೆ ಇಬ್ಬರೂ ಒಂದ್ಸಲ ಬನ್ನಿ. ಅವರ ಬಿಪಿ, ಎದೆ ಎಲ್ಲ ಒಂದ್ಸಲ ತೋರಿಸ್ಕೊಂಡ್ರೆ ಒಳ್ಳೇದು."

ಪುಟ್ಟಿ ಸಿಗರೇಟು ಸೇದುತ್ತಾಳೆ. ಅದಕ್ಕೇ ಆ ಪೆಪ್ಪರ್‌ಮಿಂಟು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ನನಗೆ ಗೊತ್ತೇ ಇಲ್ಲ.

ಗಿರಾಕಿಗಳ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಒಂದು ನಿಮಿಷ ತುಂಬಾ ಚೆನ್ನಾಗಿ ಕಂಡೆ.

ಮೇ 11, ಭಾನುವಾರ

ಹೇಳಲೆಂದೇ ಹೋದೆ. ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿದೆ. ಪುಟ್ಟಿ ಬಾಗಿಲು ತೆಗೆದಳು. ಕಣ್ಣ ಕೆಳಗೆ ಕಪ್ಪು. ಅಮ್ಮ ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತ.

"ನೋಡು ಅಕ್ಕ, ನನ್ನ ಹತ್ರ ಹಟಾನೇ ಮಾಡಲ್ಲ ಅಮ್ಮ. ಹಲ್ಲೂ ಉಜ್ಜಿಸ್ಕೋತಾಳೆ."

ಇದು ಕೇಳಿದ್ದೇ ಗಂಟಲಲ್ಲಿದ್ದ ಮಾತು ಕೆಳಗಿಳಿಯಿತು. ಒಂಬತ್ತು ವರ್ಷ ನನ್ನನ್ನು ಕಾಡಿದ್ದು, ಇವಳ ಕೈಗೆ ಒಂದೇ ತಿಂಗಳಿಗೆ ಹಾಲುಂಡಷ್ಟು ಸಲೀಸು! ಮಾಡಲಿ, ಇನ್ನೊಂದು ವಾರ ಮಾಡಲಿ.

ಚಹಾ ಕುಡಿಯುವಾಗ ಅವಳೇ ಕೆಲಸದ ಮಾತು ತೆಗೆದಳು. ಯಾವತ್ತೂ ತೆಗೆದವಳಲ್ಲ. ಹಿಂದಿನ ವಾರ ಒಬ್ಬ ಮುದುಕ ಫೋನ್ ಮಾಡಿದನಂತೆ, ಹೆಂಡತಿ ಉಸಿರಾಡುತ್ತಿಲ್ಲ ಎಂದು. ಎದೆ ಒತ್ತುವುದು ಹೇಗೆಂದು ಹೇಳಿಕೊಟ್ಟು, ಅವನ ಜೊತೆ ಇವಳೂ ಎಣಿಸುತ್ತ ಕೂತಳಂತೆ. ಅವನು ಅಳುತ್ತ ಎಣಿಸುತ್ತಿದ್ದ.

"ಆಮೇಲೆ? ಬದುಕಿದ್ಲಾ?"

"ಗೊತ್ತಿಲ್ಲ. ಆಂಬುಲೆನ್ಸ್ ಬಂತು, ಲೈನ್ ಕಟ್. ತಕ್ಷಣ ಮುಂದಿನ ಕಾಲ್. ಇಪ್ಪತ್ತೆರಡು ವರ್ಷ ಆಯ್ತು ಅಕ್ಕ, ಒಂದ್ರದ್ದೂ ಕೊನೆಗೆ ಏನಾಯ್ತು ಅಂತ ನನಗೆ ಗೊತ್ತಿಲ್ಲ."

ಏಸಿ, ಮೆತ್ತನೆ ಕುರ್ಚಿ... ಲೋಟದ ತಳ ನೋಡುತ್ತ ಕೂತೆ. ಹೇಳದೆ ಬಂದೆ.

ಮೇ 27, ಮಂಗಳವಾರ

ಹೇಳಿಲ್ಲ.

ಹೇಳಿದರೆ ಅಮ್ಮ ನನ್ನ ಮನೆಗೆ. ಮತ್ತೆ ಆಯಾ, ಬ್ರಶ್ಶು, ಗಡಿಯಾರ. ಹೇಳದಿದ್ದರೆ... ಅದೇನು ರೋಗವೇ? ಬರೀ ಒಂದು ಸಂಖ್ಯೆ. ಡಾಕ್ಟರೇ ಅಂದಳಲ್ಲ, ತಲೆಗೆ ಹಚ್ಚಿಕೊಳ್ಳಬೇಡಿ ಎಂದು. ನನ್ನ ತಲೆಯಲ್ಲಿದ್ದಾಗ ಅದು ಬಂಡೆ ಆಗಿತ್ತು. ಅವಳ ತಲೆಗೆ ಹೋದ ಮೇಲೆ ಬರೀ ಸಂಖ್ಯೆ. ಭಲೇ ನಾನು.

ಜೂನ್ 2, ಸೋಮವಾರ

ಮಧ್ಯಾಹ್ನ ಪುಟ್ಟಿ ಫೋನ್ ಮಾಡಿದಳು. ಮೊದಲು ಬರೀ ಉಸಿರು. "ಅಮ್ಮ ಇಲ್ಲ. ಅಕ್ಕಾ, ಅಮ್ಮ ಮನೇಲಿಲ್ಲ."

ಪುಟ್ಟಿ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾಳೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಮ್ಮ ನಾಲ್ಕು ಮಹಡಿ ಇಳಿದು, ರಸ್ತೆ ದಾಟಿ, ಬಸ್ ನಿಲ್ದಾಣದ ಮೆಟ್ಟಿಲಲ್ಲಿ ಬಿದ್ದಿದ್ದಳು. ಯಾರೋ ಪುಣ್ಯಾತ್ಮರು ಆಂಬುಲೆನ್ಸಿಗೆ ಹೇಳಿದ್ದರು. ಪುಟ್ಟಿಯ ಆಫೀಸಿಗೇ ಹೋದ ಕಾಲ್. ಎತ್ತಿದವರು ಅವಳ ಜೊತೆಯವರೇ.

ಮಣಿಕಟ್ಟು ಮುರಿದಿದೆ. ತಲೆಗೆ ಏನೂ ಆಗಿಲ್ಲ. ಅಮ್ಮ ಪ್ಲಾಸ್ಟರ್ ನೋಡಿ "ಇದು ಯಾರ ಕೈ?" ಎಂದಳು.

ಜೂನ್ 3, ಮಂಗಳವಾರ

ಆಸ್ಪತ್ರೆಯ ಕಾರಿಡಾರ್. ನಿನ್ನೆಯದೇ ಬಟ್ಟೆಯಲ್ಲಿ ಪುಟ್ಟಿ. ಹೇಳಿದೆ — "ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ."

"ಬೇಡ. ಬಾಗಿಲಿಗೆ ಬೀಗ ಹಾಕಿಸ್ತೀನಿ. ಇನ್ಮೇಲೆ ಹೀಗಾಗಲ್ಲ."

"ನಿನ್ನ ಮುಖ ನೋಡ್ಕೊಂಡಿದೀಯಾ?"

"ನಾನು ಚಿಕ್ಕೋಳು ಅಕ್ಕ. ರಿಪೋರ್ಟಲ್ಲೇ ಇದೆ. ನಿನ್ನ ಆಯಸ್ಸು ತಿಂದಿದೀನಿ ನಾನು. ಸ್ವಲ್ಪಾನಾದ್ರೂ ತೀರಿಸ್ಬೇಕು."

ಇನ್ನು ತಡೆಯಲಾಗಲಿಲ್ಲ. ಹೇಳಿದೆ. ಟ್ಯೂಬು, ಲೇಬಲ್ಲು, ಸಿಗರೇಟು, ಐವತ್ತು, ಅರವತ್ತೆರಡು. ಎಲ್ಲ ಒಂದೇ ಉಸಿರಿಗೆ.

ಮೊದಲು ನಕ್ಕಳು. "ಸಿಗರೇಟಾ? ರಕ್ತಾನೂ ಚಾಡಿ ಹೇಳುತ್ತಾ! ಬೆಳಗಿನ ಜಾವ ನಿದ್ದೆ ತಡೆಯೋಕೆ ಶುರು ಮಾಡಿದ್ದು..." ನಿಲ್ಲಿಸಿದಳು. ಅವಳ ಕೆಲಸವೇ ಅದು — ಗಾಬರಿಯಲ್ಲಿ ಮಾತಾಡುವವರ ಬಾಯಿಂದ ಬೇಕಾದ ಒಂದು ವಿಷಯ ಎತ್ತುವುದು.

"ಡಾಕ್ಟರ್ ಯಾವತ್ತು ಫೋನ್ ಮಾಡಿದ್ರು?"

ನಿನ್ನೆ ಅನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಮೇ ಐದಕ್ಕೆ."

ಟ್ರಾಲಿಯೊಂದು ಹಾದುಹೋಯಿತು. ಇಬ್ಬರೂ ಗೋಡೆಗೆ ಸರಿದು ದಾರಿ ಬಿಟ್ಟೆವು.

"ಒಂದು ತಿಂಗಳು" ಅಂದಳು. ಮತ್ತೆ ಮೆಲ್ಲಗೆ, "ನಿದ್ದೆ ಬರ್ತಿತ್ತಾ ನಿನಗೆ?"

"ಚೆನ್ನಾಗಿ ಬರ್ತಿತ್ತು."

ತಲೆ ಆಡಿಸಿದಳು. ಅಮ್ಮನ ಮಾತ್ರೆಯ ಚೀಲ ನನ್ನ ಕೈಗಿಟ್ಟು ಮೆಟ್ಟಿಲಿಳಿದು ಹೋದಳು. ಪಕ್ಕದ ಕಂಬಿ ಹಿಡಿದುಕೊಂಡು ಇಳಿಯುತ್ತಿದ್ದಳು. ಮೊದಲು ಹಾಗೆ ಇಳಿಯುತ್ತಿರಲಿಲ್ಲ... ಅಥವಾ ನಾನು ನೋಡಿರಲಿಲ್ಲ.

ಜೂನ್ 21, ಶನಿವಾರ

ಅಮ್ಮ ನನ್ನ ಹತ್ತಿರ. ಪುಟ್ಟಿಯಿಂದ ಬರೀ ಮೆಸೇಜು. "ಬೆಳಗಿನ ಮಾತ್ರೆ ಕೊಟ್ಯಾ?" "ಪ್ಲಾಸ್ಟರ್ ಒದ್ದೆ ಮಾಡ್ಬೇಡ." ಅಕ್ಕ ಅನ್ನುವ ಮಾತೇ ಇಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಊರವರ ಫೋನೆಲ್ಲ ಎತ್ತುತ್ತಾಳೆ.

ಡಾಕ್ಟರ್ ಹುಡುಗಿಗೆ ಫೋನ್ ಮಾಡಿ ಒಪ್ಪಿಕೊಂಡೆ, ತಡವಾಗಿ ಹೇಳಿದೆ ಎಂದು. ಅವಳು ಬೈಯಲಿಲ್ಲ. "ಅವರೇ ಬಂದಿದ್ರು" ಅಂದಳು. "ಬಿಪಿ ತುಂಬಾ ಜಾಸ್ತಿ ಇತ್ತು. ಹಾರ್ಟ್ ಡಾಕ್ಟರ ಹತ್ರ ಕಳಿಸಿದೀನಿ."

"ಈ ವಯಸ್ಸು ಹಿಂದಕ್ಕೆ ಬರುತ್ತಾ?"

"ಒತ್ತಡ ಕಡಿಮೆಯಾದ್ರೆ ಸ್ವಲ್ಪ ಇಳಿಯುತ್ತೆ ಅಂತ ಕೆಲವು ಅಧ್ಯಯನ ಹೇಳುತ್ತೆ. ಎಷ್ಟು, ಎಷ್ಟು ದಿನ — ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಇಷ್ಟು ಓದಿದ ಹುಡುಗಿ, ಗೊತ್ತಿಲ್ಲ ಎನ್ನಲು ಒಂದು ಕ್ಷಣವೂ ತಡಮಾಡಲಿಲ್ಲ.

ಜುಲೈ 6, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆ ಬೆಲ್ ಆಯಿತು. ಪುಟ್ಟಿ. ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದಾಳೆ. ಹಣ್ಣಿಲ್ಲ. ಒಂದು ಬಟ್ಟೆಯ ಬ್ಯಾಗು, ಬಿಪಿ ಮಾತ್ರೆ.

"ನನ್ನ ಮನೇಲಿ ನಿದ್ದೆ ಬರ್ತಿಲ್ಲ. ಹೆಡ್‌ಫೋನ್ ತೆಗೆದ್ರೂ ಕಿವೀಲಿ ಕೇಳ್ತಾನೇ ಇರುತ್ತೆ."

ಏನೋ ಹೇಳಲು ಹೋದೆ. ಕೈ ಎತ್ತಿ ತಡೆದಳು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಯಾವಾಗ ಹೋಗುತ್ತೋ ಗೊತ್ತಿಲ್ಲ. ಈಗ ಹಾಸಿಗೆ ಎಲ್ಲಿದೆ ಹೇಳು."

ನನ್ನ ಹಾಸಿಗೆ ತೋರಿಸಿದೆ. ಚಪ್ಪಲಿಯನ್ನೂ ಬಿಡದೆ ಬಿದ್ದುಕೊಂಡಳು. ನಾನೇ ಬಿಚ್ಚಿದೆ. ಪಾದ ಊದಿಕೊಂಡಿದೆ. ಒತ್ತಿದಲ್ಲಿ ಗುಳಿ ಬಿತ್ತು, ತುಂಬಿಕೊಳ್ಳಲು ಹೊತ್ತು ಹಿಡಿಯಿತು.

ಆಗಿನಿಂದ ಮಲಗಿಯೇ ಇದ್ದಾಳೆ. ಎರಡು ಸಲ ಹೋಗಿ ಎದೆ ಏರಿಳಿಯುತ್ತಿದೆಯಾ ಎಂದು ನೋಡಿ ಬಂದೆ. ಎದ್ದ ಮೇಲೆ ಕೇಳಬೇಕು, ಹಗಲಿನ ಶಿಫ್ಟ್ ಸಿಗುತ್ತದಾ ಎಂದು. ಕೇಳುವ ಹಕ್ಕು ನನಗಿದೆಯೋ ಇಲ್ಲವೋ.

ಬರೆಯುತ್ತಿರುವಾಗ ಅಮ್ಮ ಬಂದು ಪಕ್ಕ ಕೂತಿದ್ದಾಳೆ. ಕೋಣೆಯ ಕಡೆ ಬೆರಳು ತೋರಿಸಿ, ಪಿಸುಮಾತಲ್ಲಿ —

"ಒಳಗೆ ಯಾರೇ ಮಲಗಿರೋದು?"

"ನಿನ್ನ ಮಗಳು."

"ಯಾವ ಮಗಳು? ದೊಡ್ಡೋಳಾ, ಚಿಕ್ಕೋಳಾ?"



"ಸುಸ್ತಾದೋಳು" ಅಂದೆ.

ಅಮ್ಮ ಕುತ್ತಿಗೆ ಚಾಚಿ ಕೋಣೆಯೊಳಗೆ ಇಣುಕಿದಳು. "ಹಾಗಾದ್ರೆ ಬಾಗಿಲು ಹಾಕೇ. ಬೆಳಕು ಬೀಳ್ತಿದೆ ಮುಖಕ್ಕೆ."

ಹಾಕಿ ಬರುತ್ತೇನೆ —