ಅಂಕೂ ಟೋಪಿ ತೆಗೆದ

ಪ್ಲುವೆಲಾನ್, ಬ್ರಿಟನಿ
12 ಡಿಸೆಂಬರ್ 1902

ಪ್ರೀತಿಯ ತಂಗಿ ಕಾಟೆಲ್,

ನೀನು ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿ ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಕಾದರೆ ಬೈ, ಮುನಿಸಿಕೊಳ್ಳಬೇಡ. ಬಟ್ಟೆ ಹೊಲಿಯುವ ಅಜೆನೋರ್ ಹಾಸಿಗೆ ಹಿಡಿದಿದ್ದಳು. ಅವಳಿಗೆ ಯಾರೂ ಇಲ್ಲವೆಂದು ಗಂಜಿ ಕುಡಿಸಲು ನಾನೇ ಹೋಗುತ್ತಿದ್ದೆ. ಹೋದ ವಾರ ತೀರಿಕೊಂಡಳು.

ಪುಣ್ಯದ ಕೆಲಸವೆಂದು ಪಾದ್ರಿಗಳು ಹೊಗಳಿದರು. ನಿಜ ನಿನಗೊಬ್ಬಳಿಗೇ ಹೇಳುತ್ತೇನೆ: ನಾನು ಹೋದದ್ದು ಕಾವಲಿಗೆ. ನನ್ನ ಗೊನೆರಿ ಕಣ್ಣುಮುಚ್ಚಿದ್ದು ಹೋದ ವರ್ಷದ ಕಟ್ಟಕಡೆಯ ದಿನ. ವರ್ಷದಲ್ಲಿ ಕಡೆಯದಾಗಿ ಸತ್ತವನೇ ಮರುವರ್ಷದ ಅಂಕೂ ತಾನೇ, ಹಾಗಾಗಿ ಈ ವರ್ಷವಿಡೀ ನಮ್ಮೂರಿನ ಅಂಕೂ ಅವನೇ. ಸಾವಿನ ಬಂಡಿ ಹೊಡೆದುಕೊಂಡು ಮನೆಮನೆಗೆ ಬರುವವನು. ನಮ್ಮ ಮದುವೆಗೆ ಮುಂಚೆ ಅವನು ಅಜೆನೋರಳ ಬೇಲಿ ಸುತ್ತುತ್ತಿದ್ದದ್ದು ನಿನಗೆ ಗೊತ್ತಲ್ಲ. ಅವಳನ್ನು ಕರೆಯಲು ಬಂದಾಗ ನಾನು ಅಲ್ಲಿರದಿದ್ದರೆ ಹೇಗೆ?

ತೀರಿಕೊಂಡ ದಿನ ಮಧ್ಯಾಹ್ನ ಅವಳು ತಟ್ಟನೆ ಎದ್ದು ಕೂತಳು.

"ಅಕ್ಕಾ, ಬಂಡಿ ಚಕ್ರ ಕಿರ್ ಅಂತಿದೆ, ಕೇಳಿಸ್ತಾ?"

"ಗಾಳಿ ಕಣೇ. ಸುಮ್ನೆ ಮಲ್ಕೋ."

"ಗಾಳಿ ಅಲ್ಲ, ಗೊನೆರಿ. ನೋಡು, ಟೋಪಿ ತೆಗೆದ!"

ಹೊಟ್ಟೆ ಉರಿದುಹೋಯಿತು ಕಾಟೆಲ್. ಅಜ್ಜಿ ನಮಗೆ ಹೇಳಿದ್ದೇನು? ಅಂಕೂನ ತಲೆ ಸುತ್ತಲೂ ತಿರುಗುವುದು ಯಾವ ಮನೆಯೂ ತಪ್ಪಬಾರದೆಂದು. ಅವನ ಕುಡುಗೋಲಿನ ಅಲಗು ಹೊರಮುಖವಾಗಿರುವುದು ತನಗಾಗಿ ಏನನ್ನೂ ಕೊಯ್ದುಕೊಳ್ಳುವುದಿಲ್ಲವೆಂದು. ಅಗಲ ಟೋಪಿ ಮುಖ ಮುಚ್ಚುವುದು, ನಮ್ಮವನೆಂದು ಗುರುತು ಹಿಡಿದು ಯಾರೂ ದಯೆ ಬೇಡಬಾರದೆಂದು. ಆ ಟೋಪಿಯನ್ನು ಅವಳಿಗಾಗಿ ತೆಗೆದನಂತೆ! ನನ್ನೆದುರು ಊಟಕ್ಕೆ ಕೂತಾಗಲೂ ತೆಗೆದವನಲ್ಲ.

"ಹೆಂಗಿದಾನೆ?" ಎಂದೆ.

"ಹುಡುಗನ ಥರ. ಮೀಸೇನೂ ಬಂದಿಲ್ಲ."

"ನನ್ನ ವಿಷ್ಯ ಏನಾದ್ರೂ ಕೇಳಿದ್ನಾ?"

"ಇಲ್ಲಕ್ಕ" ಎಂದಳು, ಪಾಪ, ಸುಳ್ಳು ಹೇಳಲೂ ಬಾರದವಳು. ಅದೇ ಅವಳ ಕೊನೆಯ ಮಾತು. ನಾನು ಬಾಗಿಲಿಗೆ ಓಡಿದೆ. ಅಲ್ಲಿ ಅವಳ ಕೋಳಿಯೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅವಳನ್ನು ತೊಳೆದು ತಲೆ ಬಾಚಿದವಳೂ ನಾನೇ. ಬೈತಲೆಯನ್ನು ಬೇಕೆಂದೇ ಸೊಟ್ಟ ತೆಗೆದೆ. ಆಮೇಲೆ ನಾಚಿಕೆಯಾಗಿ ಕುಲಾವಿ ತೊಡಿಸಿ ಮುಚ್ಚಿದೆ.

ನಿನ್ನ ಗಂಡನ ಬಲೆ ಸದಾ ತುಂಬಿರಲಿ. ಮಕ್ಕಳನ್ನು ಸಂತ ಆನ್ನಮ್ಮ ಕಾಯಲಿ.

ನಿನ್ನ ಅಕ್ಕ,
ಮಹಾರಿತ್

ಮರೆತಿದ್ದೆ: ಕೆಮ್ಮು ಬಿಡುತ್ತಿಲ್ಲವೆಂದು ನಿನ್ನೆ ಡಾಕ್ಟರಿಗೆ ತೋರಿಸಿದೆ. "ನಿಂಗೇನೂ ಆಗಿಲ್ಲ ಕಣಮ್ಮಾ, ಇನ್ನೂ ಇಪ್ಪತ್ತು ವರ್ಷ ಗಟ್ಟಿ" ಎಂದು ನಕ್ಕರು. ಮನೆವರೆಗೂ ಅಳುತ್ತಲೇ ಬಂದೆ. ಹೊಸ ವರ್ಷಕ್ಕೆ ಬಂಡಿ ಬೇರೆಯವರ ಕೈಗೆ ಹೋಗುತ್ತದೆ. ನನ್ನ ಬಾಗಿಲಿಗೆ ಬರುವವನು ಯಾರೋ ಏನೋ, ಗೊನೆರಿಯಂತೂ ಅಲ್ಲ.